ಅಡುಗೆಮನೆಯಿಂದ ಹಾಕಿ

2024ರ ಜೂನಿನಲ್ಲಿ ಕೆನಡಾದ ಎಡ್ಮಂಟನ್ ಆಯಿಲರ್ಸ್ ತಂಡ ಐಸ್ ಹಾಕಿಯ ಸ್ಟ್ಯಾನ್ಲಿ ಕಪ್ ಫೈನಲ್ಲಿನಲ್ಲಿ ಸಾಲಾಗಿ ಮೂರು ಪಂದ್ಯ ಗೆದ್ದದ್ದು ನನ್ನಿಂದ. ಇದು ಜಂಬದ ಮಾತಲ್ಲ, ಮನೆಮಂದಿಯೆಲ್ಲ ಕೂತು ಒಮ್ಮತದಿಂದ ಮಾಡಿದ ತೀರ್ಮಾನ. ನಾನು ಕೋಲು ಹಿಡಿಯಲಿಲ್ಲ, ಮಂಜುಗಡ್ಡೆಯ ಮೇಲೆ ಕಾಲಿಡಲಿಲ್ಲ. ಮಗನ ಮನೆಯ ಅಡುಗೆಮನೆಯಲ್ಲಿ ನಿಂತು ಕಾಫಿ ಬೆರೆಸುತ್ತಿದ್ದೆ, ಅಷ್ಟೆ. ಕೊನೆಯ ಪಂದ್ಯ ಸೋತದ್ದೂ ನನ್ನಿಂದಲೇ. ಆದರೆ ಈ ಎರಡನೆಯ ಸಂಗತಿ ನನ್ನೊಬ್ಬನಿಗೆ ಮಾತ್ರ ಗೊತ್ತು.

ಹಾಕಿಯ ಹುಚ್ಚು ನನಗೆ ಹಳೆಯದು. 1975ರ ಮಾರ್ಚಿನಲ್ಲಿ ಹತ್ತಿದ್ದು. ಕ್ವಾಲಾಲಂಪುರದಲ್ಲಿ ವಿಶ್ವಕಪ್ ಫೈನಲ್, ಎದುರಿಗೆ ಪಾಕಿಸ್ತಾನ. ಮೈಸೂರಿನ ನಮ್ಮ ವಠಾರಕ್ಕೆಲ್ಲ ಇದ್ದದ್ದು ಒಂದೇ ರೇಡಿಯೋ. ಅದರ ಮುಂದೆ ಹಿಂದಿ ಬಾರದ ಇಪ್ಪತ್ತು ಜನ ಹಿಂದಿ ಕಾಮೆಂಟರಿ ಕೇಳುತ್ತ ಉಸಿರು ಬಿಗಿಹಿಡಿದು ಕೂತಿದ್ದೆವು. ಧ್ಯಾನ್‌ಚಂದರ ಮಗ ಅಶೋಕ್ ಕುಮಾರ್ ಗೋಲು ಹೊಡೆದು ನಾವು 2-1ರಲ್ಲಿ ಗೆದ್ದಾಗ, ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದಾರೆಂಬ ಒಂದೇ ಕಾರಣಕ್ಕೆ, ಅದು ನಮ್ಮ ಮನೆಯವರೇ ಗೆದ್ದದ್ದೆಂದು ಕುಣಿದೆವು. ಆಮೇಲೆ ಬ್ಯಾಂಕಿನವರು ನನ್ನನ್ನು ಮಡಿಕೇರಿಗೆ ವರ್ಗ ಮಾಡಿದರು. ಬೆಂಕಿಗೆ ತುಪ್ಪ ಬಿದ್ದಂತಾಯಿತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಅರವತ್ತು ಮನೆತನಗಳು ಆಡಿದವು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಹಬ್ಬಕ್ಕೆ ಬಂದದ್ದು 360 ಮನೆತನ. ತಾತನೂ ಮೊಮ್ಮಗನೂ ಒಂದೇ ತಂಡದಲ್ಲಿ ಓಡುವುದನ್ನು ನೋಡಿ, ಬಿಸಿಲಲ್ಲಿ ಮೂಗು ಸುಟ್ಟುಕೊಂಡು, ಆ ಸುಟ್ಟ ಮೂಗಿನೊಂದಿಗೇ ನಾನೂ ಹೆಂಡತಿಯೂ ಮೇ ತಿಂಗಳಲ್ಲಿ ಎಡ್ಮಂಟನ್ ವಿಮಾನ ಹತ್ತಿದ್ದು.

ನಮ್ಮ ಕೊಡಗಿನ ಹಾಕಿಗೆ ಒಂದು ದೊಡ್ಡ ಗುಣವಿದೆ. ಸೋತರೆ ಮುಗಿಯಿತು. ಬೆಳಿಗ್ಗೆ ಸೋತವರು ಮಧ್ಯಾಹ್ನ ಗೆದ್ದವರ ಪಂಕ್ತಿಯಲ್ಲೇ ಕೂತು ಪಂದಿಕರಿ ಉಣ್ಣುತ್ತಾರೆ. ನನ್ನಂಥ ಪುಳಿಚಾರಿಗೆ ಕಡಂಬುಟ್ಟು. ದುಃಖ ಊಟದ ಹೊತ್ತಿಗೆ ಇಳಿದಿರುತ್ತದೆ. ಕೆನಡಾದಲ್ಲಿ ಹಾಗಲ್ಲ. ಅಲ್ಲಿ ಸೋಲುವುದಕ್ಕೂ ನಾಲ್ಕು ಪಂದ್ಯ ಬೇಕು. ಹದಿನಾರು ತಂಡ, ನಾಲ್ಕು ಸುತ್ತು, ಪ್ರತಿ ಸುತ್ತಿನಲ್ಲೂ ಅದೇ ಇಬ್ಬರು ಏಳು ಪಂದ್ಯದವರೆಗೆ ಬಡಿದಾಡಬೇಕು, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಏಪ್ರಿಲ್ಲಿನಲ್ಲಿ ಶುರುವಾದದ್ದು ಜೂನ್ ಕೊನೆಗೆ ಮುಗಿಯುತ್ತದೆ. ನಮ್ಮ ಸಿವಿಲ್ ಕೋರ್ಟಿನ ವ್ಯಾಜ್ಯದ ಹಾಗೆ, ಸೋತೆ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಇನ್ನೊಂದು ತಾರೀಖು ಬಂದಿರುತ್ತದೆ.

ವಿಮಾನ ನಿಲ್ದಾಣಕ್ಕೆ ಬಂದ ಮಗನನ್ನು ನೋಡಿ ಹೆಂಡತಿಯ ಎದೆ ಧಸಕ್ಕೆಂದಿತು. ಮುಖದ ತುಂಬ ಗಡ್ಡ. ಕಾರಿನಲ್ಲಿ ನನ್ನ ಕಿವಿಯಲ್ಲಿ, ‘ಮಾಲೆ ಗೀಲೆ ಹಾಕಿದಾನೇನ್ರೀ?’ ಎಂದಳು. ಮೇ ತಿಂಗಳಲ್ಲಿ ಎಂಥ ಅಯ್ಯಪ್ಪನ ಮಾಲೆ! ಸೂತಕವೆಂದರೆ ನಮಗೆ ಗೊತ್ತಿಲ್ಲದ ಸಾವು ಮನೆಯಲ್ಲಿ ಯಾವುದಿದೆ? ಹಾಗಾದರೆ ಉಳಿದದ್ದು ಒಂದೇ. ನಮ್ಮಲ್ಲಿ ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸುವುದಿಲ್ಲವಲ್ಲ. ಮನೆ ತಲುಪಿ ಚೀಲ ಇಳಿಸುವ ಮೊದಲೇ ಅವಳು ಸೊಸೆಯನ್ನು ಕೋಣೆಗೆ ಕರೆದು, ‘ಎಷ್ಟು ತಿಂಗಳಮ್ಮಾ?’ ಎಂದು ಕೇಳಿಬಿಟ್ಟಳು. ಸೊಸೆ ನಗು ತಡೆಯಲಾರದೆ, ‘ಅತ್ತೆ, ಅದು ಹಾಕಿ ಗಡ್ಡ’ ಎಂದಳು. ಪ್ಲೇ-ಆಫ್ ಶುರುವಾದ ದಿನದಿಂದ ತಂಡ ಸೋತು ಹೊರಬೀಳುವ ತನಕ, ಇಲ್ಲವೇ ಕಪ್ ಗೆಲ್ಲುವ ತನಕ, ಆಟಗಾರರು ಗಡ್ಡ ತೆಗೆಯುವುದಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದವರು ಹಾಕಿಕೊಟ್ಟ ಸಂಪ್ರದಾಯವಂತೆ. ಆಟಗಾರರು ಬಿಟ್ಟರೆ ಅಭಿಮಾನಿಗಳೂ ಬಿಡಬೇಕು. ಹೆಂಡತಿಗೆ ನಿರಾಸೆಯಾಯಿತು. ಮೈಸೂರಿನಿಂದ ತಂದಿದ್ದ ಅಂಟಿನುಂಡೆಯ ಡಬ್ಬಿಯನ್ನು ನನ್ನ ಮುಂದಿಟ್ಟಳು.

ಪಕ್ಕದ ಮನೆಯ ಯಜಮಾನರಿಗೆ ನಾನೂ ಹಾಕಿ ಪ್ರೇಮಿ ಎಂದು ಮಗ ಪರಿಚಯ ಮಾಡಿಸಿದ. ಯಾವ ಹಾಕಿ ಎಂದರು. ಹುಲ್ಲಿನ ಮೇಲಿನದು ಎಂದೆ. ‘ಓಹೋ, ನನ್ನ ಮಗಳೂ ಸ್ಕೂಲಿನಲ್ಲಿ ಆಡ್ತಾಳೆ’ ಎಂದು ಬಹಳ ಅಕ್ಕರೆಯಿಂದ ಹೇಳಿದರು. ಎಂಟು ಒಲಿಂಪಿಕ್ ಚಿನ್ನ, ಒಂದು ವಿಶ್ವಕಪ್ಪು ಬಾಯಿತುದಿಗೆ ಬಂತು, ನುಂಗಿಕೊಂಡೆ. ಪರದೇಶ.

ಅವರ ಹಾಕಿಯಲ್ಲಿ ಚೆಂಡಿಲ್ಲ, ಪಕ್ಕು. ಕಪ್ಪು ರಬ್ಬರಿನ ಬಿಲ್ಲೆ, ಮೂರಂಗುಲ ಅಗಲ, ಒಂದಂಗುಲ ದಪ್ಪ. ಸೀದುಹೋದ ಮದ್ದೂರು ವಡೆ ಎಂದುಕೊಳ್ಳಿ. ಪುಟಿಯಬಾರದೆಂದು ಅದನ್ನು ಆಟಕ್ಕೆ ಮೊದಲು ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ತಂಡಕ್ಕೆ ಐದು ಜನ, ಮೇಲೊಬ್ಬ ಗೋಲುಗಾವಲಿ. ಮುಕ್ಕಾಲು ನಿಮಿಷಕ್ಕೊಮ್ಮೆ ಆಟಗಾರರು ಬದಲಾಗುತ್ತಾರೆ, ಆಟ ನಿಲ್ಲುವುದಿಲ್ಲ; ಓಡುವ ಸಿಟಿ ಬಸ್ಸಿಗೆ ಹತ್ತಿ ಇಳಿದ ಹಾಗೆ ಕಟಕಟೆ ಹಾರಿ ಒಳಗೆ, ಕಟಕಟೆ ಹಾರಿ ಹೊರಗೆ. ತಪ್ಪು ಮಾಡಿದವನನ್ನು ಎರಡು ನಿಮಿಷ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ. ನಮ್ಮ ಮೇಷ್ಟರು ಮೂಲೆಯಲ್ಲಿ ನಿಲ್ಲಿಸುತ್ತಿದ್ದರಲ್ಲ, ಹಾಗೆ. ಆರಡಿ ಮೇಲಿನ ಗಡ್ಡಧಾರಿ ಅಲ್ಲಿ ಮುಖ ಊದಿಸಿಕೊಂಡು ಕೂತಿರುವುದನ್ನು ನೋಡಿದರೆ ನನಗೆ ಯಾಕೋ ನಮ್ಮ ಬ್ಯಾಂಕಿನ ಅಮಾನತು ದಿನಗಳು ನೆನಪಾಗುತ್ತವೆ. ಮಧ್ಯೆ ಬಿಡುವಿನಲ್ಲಿ ಜಂಬೋನಿ ಎಂಬ ದೊಡ್ಡ ಬಂಡಿ ಬಂದು, ಗೀಚುಬಿದ್ದ ಮಂಜನ್ನು ಹೆರೆದು ಮೇಲೆ ನೀರು ಹಾಸಿ ಹೋಗುತ್ತದೆ. ಹೆಂಡತಿಗೆ ಇಡೀ ಆಟದಲ್ಲಿ ಹಿಡಿಸಿದ್ದು ಅದೊಂದೇ. ‘ಎಷ್ಟು ನೀಟಾಗಿ ಸಾರಿಸ್ತಾನೆ ನೋಡ್ರಿ, ರಂಗೋಲಿ ಒಂದು ಬಾಕಿ.’

ಫೈನಲ್ಲಿಗೆ ಎದುರಾದದ್ದು ಫ್ಲೋರಿಡಾ ಪ್ಯಾಂಥರ್ಸ್. ತೆಂಗಿನ ಮರ, ಸಮುದ್ರ, ಮಂಗಳೂರಿನ ಸೆಕೆ ಇರುವ ಸೀಮೆಗೆ ಐಸ್ ಹಾಕಿ ಯಾಕೆ ಬೇಕಿತ್ತೋ. ಎರಡು ಊರಿಗೂ ನಡುವೆ ನಾಲ್ಕು ಸಾವಿರ ಕಿಲೋಮೀಟರಿಗೂ ಮೇಲೆ ದೂರ. ಎಡ್ಮಂಟನ್ನಿಗೆ ಹಳೆಯ ವೈಭವವಿದೆ. ವೇಯ್ನ್ ಗ್ರೆಟ್ಸ್‌ಕಿಯ ಕಾಲದಲ್ಲಿ ನಾಲ್ಕು ಕಪ್, ಅವನನ್ನು 1988ರಲ್ಲಿ ಲಾಸ್ ಏಂಜಲೀಸಿಗೆ ಕೊಟ್ಟ ಮೇಲೆ 1990ರಲ್ಲಿ ಇನ್ನೊಂದು. ಆಮೇಲೆ ಇಲ್ಲ. ಹಾಕಿ ತನ್ನದೇ ಎನ್ನುವ ಕೆನಡಾ ದೇಶದ ಯಾವ ತಂಡವೂ 1993ರಿಂದ ಈಚೆಗೆ ಆ ಕಪ್ ಎತ್ತಿಲ್ಲ. ಗೆಲ್ಲುವುದೆಲ್ಲ ಅಮೆರಿಕದ ಊರುಗಳು. ಈಗಿನ ಆಶೆಯೆಲ್ಲ 97ನೇ ನಂಬರಿನ ಕಾನರ್ ಮೆಕ್‌ಡೇವಿಡ್ ಮೇಲೆ. ಏಳು ವರ್ಷದ ನನ್ನ ಮೊಮ್ಮಗ ಆ ನಂಬರಿನ ಕಿತ್ತಳೆ ಜರ್ಸಿಯಲ್ಲೇ ಮಲಗುತ್ತಿದ್ದ.

ಅವನೇ ನನಗೆ ಗುರು. ಒಂದು ಸಲ ತರಕಾರಿ ಅಂಗಡಿಯ ಬಾಗಿಲಲ್ಲಿ ಸ್ಟ್ಯಾನ್ಲಿ ಕಪ್ಪಿನ ರಟ್ಟಿನ ಪ್ರತಿಕೃತಿ ನಿಲ್ಲಿಸಿದ್ದರು. 1892ರಲ್ಲಿ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ ಕೊಟ್ಟ ಬೆಳ್ಳಿ ಬಟ್ಟಲು, ಈಗ ಗೆದ್ದವರ ಹೆಸರು ಕೆತ್ತಿಸಿಕೊಂಡು ಕೆಳಗೆ ಬೆಳೆದು ಬೆಳೆದು ಮೂರಡಿ ಮುಟ್ಟಿದೆ. ನಾನು ಸುಮ್ಮನೆ ಸವರಲು ಕೈ ಚಾಚಿದೆ. ‘ತಾತಾ, ಮುಟ್ಟಬೇಡ!’ ಎಂದು ಹುಡುಗ ಕಿರುಚಿದ ಹೊಡೆತಕ್ಕೆ ಕ್ಯಾಶಿಯರ್ ಹೆಂಗಸು ತಿರುಗಿ ನೋಡಿದಳು. ಗೆಲ್ಲದೆ ಕಪ್ ಮುಟ್ಟುವ ಹಾಗಿಲ್ಲ. ಮುಟ್ಟಿದ ಆಟಗಾರ ಎಂದೂ ಗೆಲ್ಲುವುದಿಲ್ಲವೆಂದು ನಂಬಿಕೆ. ಅದನ್ನು ಊರಿಂದೂರಿಗೆ ಒಯ್ಯುವುದಕ್ಕೆಂದೇ ಒಬ್ಬ ಮನುಷ್ಯನಿದ್ದಾನೆ, ಬಿಳಿ ಕೈಗವಸು ತೊಟ್ಟೇ ಎತ್ತುತ್ತಾನೆ. ‘ಮಡಿ’ ಎಂದಳು ಹೆಂಡತಿ. ಇಷ್ಟು ದಿನ ನಾನು ವಿವರಿಸಿ ಅರ್ಥವಾಗದ ಆಟ ಅವಳಿಗೆ ಆ ಒಂದು ಮಾತಿನಲ್ಲಿ ಅರ್ಥವಾಯಿತು.

ಮೊದಲ ಪಂದ್ಯ, 3-0, ಸೋಲು. ಫ್ಲೋರಿಡಾದ ಬಾಬ್ರೋವ್‌ಸ್ಕಿ ಮೂವತ್ತೆರಡು ಹೊಡೆತ ತಡೆದ. ‘ಗೋಲಿ, ಗೋಲಿ’ ಎಂದು ಮೊಮ್ಮಗ ಹಲ್ಲು ಕಡಿಯುತ್ತಿದ್ದ. ಗೋಲುಗಾವಲಿಯನ್ನು ಅಲ್ಲಿ ಹಾಗೆನ್ನುತ್ತಾರೆಂದು ಗೊತ್ತಾಗುವ ತನಕ ನಾನು ಸೋಫಾದ ಕೆಳಗೆ ಗೋಲಿ ಹುಡುಕಿದೆ. ಎರಡನೆಯದು, 4-1, ಸೋಲು. ಮೂರನೆಯದು ಎಡ್ಮಂಟನ್ನಿನಲ್ಲೇ. 4-1ರಿಂದ 4-3ಕ್ಕೆ ತಂದು, ಆಸೆ ಹುಟ್ಟಿಸಿ, ಸೋತರು. ಮೂರೂ ಪಂದ್ಯವನ್ನು ನಾನು ಹಾಲಿನಲ್ಲಿ, ಟಿವಿಯ ನೇರಕ್ಕೆ, ಮಗನ ಪಕ್ಕದಲ್ಲಿ ಕೂತು ನೋಡಿದ್ದೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಫ್ಲೋರಿಡಾದವರು ಸಂಭ್ರಮಕ್ಕೆ ಮೈದಾನಕ್ಕೆ ಪ್ಲಾಸ್ಟಿಕ್ ಇಲಿ ಎಸೆಯುತ್ತಾರೆ. 1995ರಲ್ಲಿ ಸ್ಕಾಟ್ ಮೆಲನ್‌ಬಿ ಎಂಬ ಆಟಗಾರ ಡ್ರೆಸ್ಸಿಂಗ್ ರೂಮಿಗೆ ನುಗ್ಗಿದ ಇಲಿಯನ್ನು ಹಾಕಿ ಕೋಲಿನಿಂದಲೇ ಕೊಂದು, ಅದೇ ಕೋಲಿನಿಂದ ಆ ಸಂಜೆ ಎರಡು ಗೋಲು ಹೊಡೆದನಂತೆ. ಅಲ್ಲಿಂದ ಶುರು. ‘ಗಣಪತಿ ವಾಹನ ಅವರ ಕಡೆ ಇದೆ, ನಿಮ್ಮವರು ಏನು ಮಾಡಿದರೂ ಅಷ್ಟೇ’ ಎಂದು ಹೆಂಡತಿ ನಿರ್ಣಯ ಕೊಟ್ಟಳು. ಇಲಿಯನ್ನು ಕೊಂದವರಿಗೆ ಗಣಪತಿ ಹೇಗೆ ಒಲಿಯುತ್ತಾನೆ ಎಂದು ನಾನು ವಾದಿಸಿದೆ. ಅದಕ್ಕೆ ಉತ್ತರ ಬರಲಿಲ್ಲ.

ಜೂನ್ 15, ಶನಿವಾರ, ನಾಲ್ಕನೆಯ ಪಂದ್ಯ. ಸೋತರೆ ಅಲ್ಲಿಗೆ ಕತೆ ಮುಗಿಯಿತು. ಮಗ ರೇಜರನ್ನು ಡ್ರಾಯರಿನಿಂದ ತೆಗೆದು ಬಾತ್‌ರೂಮಿನ ಕನ್ನಡಿಯ ಮುಂದೆ ಇಟ್ಟೇ ಬಂದಿದ್ದ. ಆಟ ಶುರುವಾದದ್ದೇ ಹೆಂಡತಿ, ‘ರೀ, ಹೇಗಿದ್ರೂ ಸೋಲ್ತಾರೆ, ಎದ್ದು ಒಂದು ಲೋಟ ಕಾಫಿ ಮಾಡಿ’ ಎಂದಳು. ಸಿಟ್ಟಿನಿಂದಲೇ ಎದ್ದೆ. ಫಿಲ್ಟರಿನ ತಲೆ ತಟ್ಟಿ ಡಿಕಾಕ್ಷನ್ ಇಳಿಯುವುದನ್ನು ನೋಡುತ್ತಿದ್ದೇನೆ, ಹಾಲಿನಲ್ಲಿ ಛಾವಣಿ ಹಾರುವ ಹಾಗೆ ಕೂಗು. ಎಡ್ಮಂಟನ್ನಿನ ಒಬ್ಬ ಗಾಜಿನ ಪೆಟ್ಟಿಗೆಯಲ್ಲಿ ಕೂತು, ತಂಡಕ್ಕೆ ಒಬ್ಬ ಕಡಿಮೆಯಿರುವಾಗಲೇ ಯಾನ್ಮಾರ್ಕ್ ಗೋಲು ಹೊಡೆದಿದ್ದ. ಹಾಲು ಒಲೆಯ ಮೇಲಿದೆ, ಮತ್ತೊಂದು ಕೂಗು. ಎರಡು. ಲೋಟ ಹಿಡಿದು ಹೆಮ್ಮೆಯಿಂದ ಬಂದು ಕೂತೆ, ಒಂದು ಗುಟುಕು ಕುಡಿದಿರಬೇಕು, ಫ್ಲೋರಿಡಾ ಗೋಲು. ಮಗ ಟಿವಿ ಬಿಟ್ಟು ನನ್ನನ್ನೇ ನೋಡಿದ. ಲೋಟ ತೊಳೆಯಲು ಒಳಗೆ ಹೋದೆ. ಮೂರು!

ಮಗ ಎಂಜಿನಿಯರು. ರಾಹುಕಾಲ ಕೇಳಿದರೆ ನಗುವವನು. ಅಡುಗೆಮನೆಗೆ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ಹೇಳಿದ: ‘ಅಪ್ಪಾ, ನಾನು ಇವೆಲ್ಲ ನಂಬಲ್ಲ. ಆದರೂ ನೀವು ಇಲ್ಲೇ ಇರಿ.’

ನಾನು ಅಲ್ಲೇ ಇದ್ದೆ. 8-1.

ಅಲ್ಲಿಂದ ಮುಂದೆ ನನ್ನ ಸ್ಥಾನ ಖಾಯಂ. ಕೆನಡಾದ ಮನೆಗಳಲ್ಲಿ ಅಡುಗೆಮನೆಗೂ ಹಾಲಿಗೂ ಗೋಡೆ ಇರುವುದಿಲ್ಲ, ಒಲೆಯ ಮುಂದೆ ನಿಂತರೂ ಟಿವಿ ಕಾಣುತ್ತದೆ. ಆದ್ದರಿಂದ ಬೆನ್ನು ಹಾಕಿ ನಿಲ್ಲಬೇಕೆಂದು ನಿಯಮವಾಯಿತು. ಸಾವಿರಾರು ಡಾಲರ್ ಕೊಟ್ಟರೂ ಟಿಕೆಟ್ ಸಿಗದ ಫೈನಲ್ಲನ್ನು, ಜೀವಮಾನವೆಲ್ಲ ಹಾಕಿ ಹಾಕಿ ಎಂದು ಬಡಿದುಕೊಂಡ ನಾನು, ಅದೇ ಊರಿನಲ್ಲಿದ್ದುಕೊಂಡು, ಈರುಳ್ಳಿ ಹೆಚ್ಚುತ್ತ ಕಿವಿಯಿಂದ ನೋಡಿದೆ. ಬೇಜಾರಾಯಿತೇ ಎಂದು ಕೇಳಿದರೆ, ಇಲ್ಲ. 1975ರಲ್ಲೂ ಕಿವಿಯಿಂದಲೇ ನೋಡಿದ್ದಲ್ಲವೇ? ಸೊಸೆ ನನ್ನ ಮೇಲೆ ಕರುಣೆಯಿಂದ ತನ್ನ ಫೋನಿನಲ್ಲಿ ಪಂಜಾಬಿ ಕಾಮೆಂಟರಿ ಹಾಕಿ ಒಲೆಯ ಪಕ್ಕ ಇಟ್ಟಳು. ಕೆನಡಾದಲ್ಲಿ ಐಸ್ ಹಾಕಿಯನ್ನು ಪಂಜಾಬಿಯಲ್ಲಿ ವರ್ಣಿಸುವವರಿದ್ದಾರೆ, ಬಹಳ ಜನಪ್ರಿಯ. ಹಾಕಿ ಎಂದ ಮೇಲೆ ಪಂಜಾಬಿ ಇಲ್ಲದಿದ್ದರೆ ಹೇಗೆ? ಅರ್ಥವಾಗದ ಭಾಷೆಯಲ್ಲಿ ಅರ್ಥವಾಗುವ ಉದ್ವೇಗ. ನಮ್ಮ ವಠಾರದ ರೇಡಿಯೋ ಮತ್ತೆ ಹಚ್ಚಿದ ಹಾಗಾಯಿತು.

ಐದನೆಯ ಪಂದ್ಯ ಫ್ಲೋರಿಡಾದಲ್ಲಿ, 18ರಂದು. 4-1 ಇದ್ದದ್ದು 4-3 ಆಯಿತು. ಆ ಮಧ್ಯೆ ನಾನು ಬಾತ್‌ರೂಮಿಗೆ ಹೋದದ್ದೇ ಅದಕ್ಕೆ ಕಾರಣವಂತೆ. ಕೊನೆಯ ಗಳಿಗೆಯಲ್ಲಿ ಫ್ಲೋರಿಡಾದವರು ಗೋಲುಗಾವಲಿಯನ್ನೂ ಹೊರಗೆ ಕರೆಸಿ ಆ ಜಾಗಕ್ಕೆ ಇನ್ನೊಬ್ಬ ಆಟಗಾರನನ್ನು ಬಿಟ್ಟರು. ಮನೆ ಬಾಗಿಲು ತೆರೆದಿಟ್ಟು ಎಲ್ಲರೂ ಜಾತ್ರೆಗೆ ಹೋದ ಹಾಗೆ. ಆ ತೆರೆದ ಬಾಗಿಲಿಗೆ ಮೆಕ್‌ಡೇವಿಡ್ ಐದನೆಯದನ್ನು ನೂಕಿದ. ಆರನೆಯದು 21ರಂದು, ಎಡ್ಮಂಟನ್ನಿನಲ್ಲಿ. ಫ್ಲೋರಿಡಾದ ಬಾರ್ಕೋವ್ ಹೊಡೆದ ಒಂದು ಗೋಲನ್ನು ಆಫ್‌ಸೈಡ್ ಎಂದು ಅಳಿಸಿದಾಗ ಮೊಮ್ಮಗ ಓಡಿಬಂದು, ‘ತಾತಾ, ಏನು ಮಾಡಿದೆ ಈಗ?’ ಎಂದ. ಹುಳಿಗೆ ಒಗ್ಗರಣೆ ಹಾಕಿದೆ ಎಂದೆ. ಮುಂದಿನ ಅರ್ಧ ಗಂಟೆ ಸಾಸಿವೆ ಡಬ್ಬಿ ಅವನ ಮಡಿಲಲ್ಲಿತ್ತು. 5-1. ಗೆದ್ದಾಗಲೆಲ್ಲ ಮೈದಾನದಲ್ಲಿ ‘ಲಾ ಬಾಂಬಾ’ ಹಾಡು ಹಾಕುತ್ತಾರೆ. ತಂಡದ ಡ್ರೆಸ್ಸಿಂಗ್ ರೂಮಿನಲ್ಲಿ ವರ್ಷಗಟ್ಟಲೆ ದುಡಿದು 2020ರಲ್ಲಿ ತೀರಿಕೊಂಡ ಜೋಯಿ ಮಾಸ್ ಎಂಬ ಸಹಾಯಕನಿಗೆ ಪ್ರಿಯವಾದ ಹಾಡು. ಅದನ್ನು ಕೇಳುವಾಗ ಮಾತ್ರ ಮಗ ನನಗೆ ತಿರುಗಲು ಅನುಮತಿ ಕೊಟ್ಟಿದ್ದ. ರಾತ್ರಿ ಹತ್ತಾದರೂ ಆ ಊರಿನಲ್ಲಿ ಜೂನಿನಲ್ಲಿ ಬೆಳಕು. ಕಾರುಗಳು ಹಾರ್ನ್ ಹೊಡೆಯುತ್ತ, ಕಿತ್ತಳೆ ಬಾವುಟ ಬೀಸುತ್ತ ಸುತ್ತಿದ್ದೇ ಸುತ್ತಿದ್ದು.

ಮೂರು ಸೋತು, ಮೂರು ಗೆದ್ದು, ಈಗ ಏಳನೆಯದು. ಫೈನಲ್ಲಿನಲ್ಲಿ 0-3ರಿಂದ ಎದ್ದು ಕಪ್ ಗೆದ್ದದ್ದು ಚರಿತ್ರೆಯಲ್ಲಿ ಒಂದೇ ತಂಡ, 1942ರ ಟೊರಾಂಟೊ ಎಂದು ಮಗ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. 1945ರಲ್ಲಿ ಡೆಟ್ರಾಯಿಟ್ ತಂಡ ಹೀಗೇ ಮೂರು ಸೋತು ಮೂರು ಗೆದ್ದು ಏಳನೆಯದರಲ್ಲಿ ಮುಗ್ಗರಿಸಿದ್ದನ್ನು ನಾನು ಓದಿಕೊಂಡಿದ್ದೆ, ಬಾಯಿ ಬಿಡಲಿಲ್ಲ. ಅದೇ ಬೇಸಿಗೆಯಲ್ಲಿ ನಮ್ಮ ಆರ್‌ಸಿಬಿ ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸಾಲಾಗಿ ಆರು ಗೆದ್ದು, ಊರಿಗೆಲ್ಲ ಹೋಳಿಗೆ ಹಂಚುವ ಹೊತ್ತಿಗೆ ಎಲಿಮಿನೇಟರಿನಲ್ಲಿ ಮನೆಗೆ ಬಂದಿತ್ತು. ‘ಈ ಸಲ ಕಪ್ ನಮ್ದೇ’ ಎಂದು ವರ್ಷವರ್ಷವೂ ಕೂಗಿ ಪಳಗಿದ ಕನ್ನಡಿಗನಿಗೆ ಆಸೆಯ ವಿಷಯದಲ್ಲಿ ಕೆನಡಾದವರು ಕಲಿಸುವುದು ಏನೂ ಇಲ್ಲ. ಸೋಲಿಗಿಂತ ಆಸೆ ಕೆಟ್ಟದ್ದು. 3-0 ಆದಾಗ ರೇಜರ್ ಹೊರಗೆ ತೆಗೆದಿಟ್ಟ ನನ್ನ ಮಗ ಚೆನ್ನಾಗಿಯೇ ಉಂಡು ಮಲಗಿದ್ದ. 3-3 ಆದ ಮೇಲೆ ಎರಡು ರಾತ್ರಿ ನಿದ್ದೆಯಿಲ್ಲ.

ಈ ಮಧ್ಯೆ ಒಂದು ಅನಾಹುತವಾಯಿತು. ಹೆಂಡತಿ ಭಾನುವಾರ ಮಗನ ಜರ್ಸಿ ಒಗೆದುಬಿಟ್ಟಳು. ಏಪ್ರಿಲ್‌ನಿಂದ ನೀರು ಕಾಣದ ಬಟ್ಟೆ. ‘ವಾಸನೆ ಹೊಡೀತಿತ್ತು ಕಣೋ’ ಎಂದರೆ ಮಗ ವಾಷಿಂಗ್ ಮೆಷಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅದು ತಿರುಗುವುದನ್ನೇ ನೋಡುತ್ತಿದ್ದ. ಅಸ್ಥಿ ಬಿಡಲು ಹೋದವರ ಮುಖ.

ಜೂನ್ 24, ಸೋಮವಾರ, ಸಂಜೆ ಆರು. ನಾನು ಒಲೆಯ ಮುಂದೆ ಬೆನ್ನು ಹಾಕಿ ನಿಂತೆ. ಫ್ಲೋರಿಡಾ ಒಂದು ಹೊಡೆಯಿತು. ಹಾಲಿನಲ್ಲಿ ಗುಸುಗುಸು, ನನ್ನ ಶಕ್ತಿಯ ಮೇಲೆ ಅನುಮಾನ. ಎರಡು ಮೂರು ನಿಮಿಷದಲ್ಲಿ ಯಾನ್ಮಾರ್ಕ್ ಸಮ ಮಾಡಿದ, ನನ್ನ ಮರ್ಯಾದೆ ಉಳಿಯಿತು. ಎರಡನೆಯ ಅವಧಿ. ಹಾಲು ಕಾಯಲು ಇಟ್ಟು ತಲೆಯೆತ್ತಿದೆ. ಒಲೆಯ ಮೇಲ್ಗಡೆ ಮೈಕ್ರೋವೇವ್, ಅದರ ಬಾಗಿಲು ಕಪ್ಪು ಗಾಜು. ಆ ಗಾಜಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದಾಗಿ ಟಿವಿ ಕಾಣುತ್ತಿತ್ತು.

ನಾನು ತಿರುಗಲಿಲ್ಲ. ನಿಯಮದಲ್ಲಿ ಇದ್ದದ್ದು ತಿರುಗಬಾರದು ಎಂದಷ್ಟೇ. ಗಾಜಿನಲ್ಲಿ ಎಲ್ಲ ತಿರುವುಮುರುವು, ಮೆಕ್‌ಡೇವಿಡ್ ತನ್ನದೇ ಗೋಲಿನ ಕಡೆ ನುಗ್ಗುತ್ತಿದ್ದ ಹಾಗೆ ಕಾಣುತ್ತಿತ್ತು. ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಹದಿನಾಲ್ಕು ಹದಿನೈದು ನಿಮಿಷ ಕಳೆದಿರಬೇಕು. ಫ್ಲೋರಿಡಾದ ಸ್ಯಾಮ್ ರೈನ್‌ಹಾರ್ಟ್ ಅಂಚಿನಿಂದ ಬಂದ, ಕೋಲು ಬೀಸಿದ, ಗಾಜಿನಲ್ಲಿ ಏನೋ ಮಿನುಗಿತು. ಹಿಂದೆ ಹಾಲಿನಲ್ಲಿ ಸದ್ದೇ ಇಲ್ಲ. ಮುಂದೆ ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು. ‘ಹಾಲು ಉಕ್ಕಿದ್ರೆ ಶುಭ’ ಎಂದಳು ಹೆಂಡತಿ. ಫ್ಲೋರಿಡಾದವರಿಗೆ ಶುಭವಾಯಿತು. ಮೂರನೆಯ ಅವಧಿಯಲ್ಲಿ ನಾನು ಒರೆಸುವ ಬಟ್ಟೆಯನ್ನು ಆ ಗಾಜಿನ ಮೇಲೆ ನೇತುಹಾಕಿದೆ. ಆದರೇನು, 2-1 ಕೊನೆಯವರೆಗೂ 2-1.

ಪ್ಲೇ-ಆಫ್‌ಗಳ ಶ್ರೇಷ್ಠ ಆಟಗಾರನ ಟ್ರೋಫಿ ಮೆಕ್‌ಡೇವಿಡ್‌ಗೇ ಬಂತು. ಸೋತ ತಂಡದವನಿಗೆ ಅದು ಸಿಕ್ಕಿದ್ದು ಅಲ್ಲಿಯವರೆಗೆ ಐದೇ ಸಲ. ಹೆಸರು ಕೂಗಿದರು, ಆತ ಈಚೆಗೆ ಬರಲೇ ಇಲ್ಲ. ‘ತಾತಾ, ಅವನು ಯಾಕೆ ಬರ್ಲಿಲ್ಲ?’ ಎಂದ ಮೊಮ್ಮಗ, ಕಣ್ಣು ತುಂಬಿಕೊಂಡು. ‘ಅಡುಗೆಮನೆಯಲ್ಲಿರಬೇಕು ಕಣಪ್ಪ’ ಎಂದೆ.

ಸೋಲಿನ ಹೊಣೆ ಜರ್ಸಿ ಒಗೆದವಳ ಮೇಲೆ ಹೋಯಿತು. ನಾನು ಒಲೆ ಒರೆಸುತ್ತ ಸುಮ್ಮನಿದ್ದೆ. ಮಗ ಆ ರಾತ್ರಿಯೇ ಗಡ್ಡ ಬೋಳಿಸಿದ.

ಮರುವರ್ಷ, 2025ರಲ್ಲಿ, ಫೈನಲ್ಲಿಗೆ ಮತ್ತೆ ಅವೇ ಎರಡು ತಂಡ ಬಂದವು. ನಾನು ಮೈಸೂರಿನಲ್ಲಿದ್ದೆ. ಪಂದ್ಯ ಶುರುವಾಗುವ ಬೆಳಗಿನ ಐದೂವರೆಗೆ ಸರಿಯಾಗಿ ಮನೆ ಬಿಟ್ಟು ಕುಕ್ಕರಹಳ್ಳಿ ಕೆರೆಯನ್ನು ಸುತ್ತುತ್ತಿದ್ದೆ, ಫೋನನ್ನೂ ಒಯ್ಯುತ್ತಿರಲಿಲ್ಲ. ಯಾವ ಗಾಜಿನಲ್ಲೂ ಇಣುಕಲಿಲ್ಲ. ಆದರೂ ಆರೇ ಪಂದ್ಯದಲ್ಲಿ ಸೋತರು. ಮಗ ಫೋನ್ ಮಾಡಿ, ‘ಅಪ್ಪಾ, ನೀವು ಅಡುಗೆಮನೆಯಲ್ಲಿರಬೇಕಿತ್ತು’ ಎಂದ. ಹೆಂಡತಿ ಪಕ್ಕದಿಂದ, ‘ಈ ಸಲ ನಾನಂತೂ ಯಾರ ಬಟ್ಟೇನೂ ಒಗೆದಿಲ್ಲಪ್ಪ’ ಎಂದಳು. ಒಂದು ವರ್ಷವಾದರೂ ಅವಳಿಗೆ ಆ ಮಾತು ಒಳಗೇ ಕೊರೆಯುತ್ತಿತ್ತೆಂದು ನನಗೆ ಗೊತ್ತಾದದ್ದು ಆಗ.

ಮಗನಿಗೆ ಕನ್ನಡ ಓದುವುದು ನಿಧಾನ, ಅವನ ಭಯವಿಲ್ಲ. ಹೆಂಡತಿ ಮಾತ್ರ ಈ ಪತ್ರಿಕೆ ಬಂದ ದಿನವೇ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸುತ್ತಾಳೆ. ಆದ್ದರಿಂದ ಸಂಪಾದಕರಲ್ಲಿ ಒಂದು ವಿನಂತಿ: ಈ ಸಂಚಿಕೆಯ ನಮ್ಮ ಮನೆಯ ಪ್ರತಿಯನ್ನು ದಯವಿಟ್ಟು ಅಂಚೆಗೆ ಹಾಕಬೇಡಿ.